ಡೆಕ್ಕಿನ ಬುತ್ತಿ, ಸಲೂನಿನ ಊಟ
ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪುತ್ತೂರು, ಸುಳ್ಯ, ಕಡಬದ ಕಡೆಯಿಂದ ಮುಂಬಯಿಗೆ ಹೊರಟವರಿಗೆ ಮಂಗಳೂರು ಬಂದರಿನ ಉಗಿಹಡಗೇ ಅನುಕೂಲದ ದಾರಿ. ಅಳಿವೆ ಆಳವಿಲ್ಲದ್ದರಿಂದ ಹಡಗು ದೂರದಲ್ಲೇ ಲಂಗರು ಹಾಕುತ್ತಿತ್ತು. ಜನ, ಗಂಟುಮೂಟೆ ಎಲ್ಲ ದೋಣಿಯಲ್ಲಿ ಸಾಗಬೇಕು. ಅಗ್ಗದ ಟಿಕೆಟಿನ ಡೆಕ್ ಪ್ರಯಾಣಿಕರು ಅವಲಕ್ಕಿ, ಬೆಲ್ಲ, ಬಾಳೆಹಣ್ಣು, ಉಪ್ಪಿನಕಾಯಿಯ ಬುತ್ತಿಯೊಂದಿಗೇ ಹತ್ತುತ್ತಿದ್ದರು. ಇದರಲ್ಲಿ ಮಡಿ-ಮೈಲಿಗೆಯ ಲೆಕ್ಕವೂ ಇತ್ತು, ಕಾಸಿನದ್ದೂ ಇತ್ತು. ಹೊಟ್ಟೆ ತೊಳಸಿದರೆ ಉಪ್ಪಿನಕಾಯಿಯ ಹೋಳೇ ಮದ್ದು.

ವಿಲಾಯತಿಗೆ ಹಡಗಿನಲ್ಲಿ ಹೋಗುತ್ತಿದ್ದ ಸಸ್ಯಾಹಾರಿಗಳ ಪಾಡೂ ಬೇರೆಯಿರಲಿಲ್ಲ. 1888ರಲ್ಲಿ ಗಾಂಧಿ ಹೆಚ್ಚಾಗಿ ತಾವೇ ತಂದ ಸಿಹಿ, ಹಣ್ಣುಗಳನ್ನು ಕ್ಯಾಬಿನ್ನಿನಲ್ಲಿ ಕುಳಿತು ತಿಂದರು.

ದೊಡ್ಡ ಹಡಗುಗಳಲ್ಲಿ ತಟ್ಟೆ ಟಿಕೆಟನ್ನು ನೋಡುತ್ತಿತ್ತು. 1912ರ ಏಪ್ರಿಲ್ 14ರ ರಾತ್ರಿ ಟೈಟಾನಿಕ್‌ನ ಮೊದಲ ದರ್ಜೆಯವರಿಗೆ ಸಲೂನಿನಲ್ಲಿ, ಅಂದರೆ ಊಟದ ಹಜಾರದಲ್ಲಿ, ಸಿಂಪಿ, ಸಾಲ್ಮನ್ ಮೀನು, ಬಾತುಕೋಳಿ ಸಾಲಾಗಿ ಬಂದವು. ಮೂರನೆಯ ದರ್ಜೆಯವರ ರಾತ್ರಿಯೂಟ ಗಂಜಿ, ಬಿಸ್ಕತ್ತು, ಚೀಸ್.