ಕೆಟ್ಟರೂ ಕೈಕೊಡದ ಗಾಡಿ

ಹುಬ್ಬಳ್ಳಿಯಿಂದ ನವಲಗುಂದದ ಕಡೆ ಹೊರಟರೆ ಊರು ದಾಟುತ್ತಿದ್ದಂತೆ ಎರಿ ಹೊಲಗಳು ಶುರು. ಕಲಘಟಗಿಯ ದಾರಿ ಹಿಡಿದರೆ ಕೆಂಪು ನೆಲ, ಭತ್ತದ ಗದ್ದೆ, ಅದರಾಚೆ ಕಾಡು. ಮಳೆಗಾಲದಲ್ಲಿ ಎರಡೂ ದಿಕ್ಕಿನ ಮಣ್ಣು ಗಾಡಿಯನ್ನು ಸತಾಯಿಸುತ್ತದೆ, ಆದರೆ ಒಂದೇ ರೀತಿಯಲ್ಲಲ್ಲ. ಎರಿ ಮಣ್ಣು ನೀರು ಕುಡಿದು ಉಬ್ಬಿ, ಗಾಲಿಗೆ ಮೆತ್ತಿ, ಮಡ್‌ಗಾರ್ಡಿನೊಳಗೆ ಗಟ್ಟಿಯಾಗಿ ತುಂಬಿ ಚಕ್ರವನ್ನೇ ಕಟ್ಟಿಹಾಕುತ್ತದೆ. ಕೆಂಪು ಮಣ್ಣು ಏರಿನಲ್ಲಿ ಜಾರುತ್ತದೆ, ಇಳುಕಲಿನಲ್ಲಿ ಇನ್ನೂ ಹೆಚ್ಚು ಜಾರುತ್ತದೆ. ಈ ಎರಡು ಮಣ್ಣಿನ ನಡುವೆ ಕುಳಿತಿರುವ ಹುಬ್ಬಳ್ಳಿ-ಧಾರವಾಡದಲ್ಲಿ ಹಳೆಯ ಮಹೀಂದ್ರ ಜೀಪಿಗೆ ಇಂದಿಗೂ ಗಿರಾಕಿಗಳಿದ್ದಾರೆ. ಅವರನ್ನು ಆ ಗಾಡಿ ಕೆಡುವುದಿಲ್ಲವೇ ಎಂದು ಕೇಳಿ ನೋಡಬೇಕು. ಕೆಡುತ್ತದೆ ಎಂದೇ ಹೇಳುತ್ತಾರೆ. ಎಲ್ಲೆಲ್ಲಿ, ಯಾವಾಗ, ಏಕೆ ಕೆಡುತ್ತದೆ ಎಂಬುದನ್ನೂ ವಿವರವಾಗಿ ಹೇಳುತ್ತಾರೆ. ಆದರೂ ಮಾರುವ ಮಾತಿಲ್ಲ.

ಜೀಪಿನ ನಂಬಿಕಸ್ತಿಕೆಯ ಗುಟ್ಟು ಇಲ್ಲೇ ಇದೆ. ಷೋರೂಮಿನವರ ಪ್ರಕಾರ ನಂಬಿಕಸ್ಥ ಗಾಡಿ ಎಂದರೆ ಕೆಡದ ಗಾಡಿ. ಜೀಪಿನ ಮಾಲೀಕರ ಪ್ರಕಾರ, ಕೆಟ್ಟ ಜಾಗದಲ್ಲೇ ರಿಪೇರಿ ಮಾಡಿಕೊಂಡು ಮನೆಗೆ ತರಬಹುದಾದ ಗಾಡಿ.

1945ರಲ್ಲಿ ಹುಟ್ಟಿದ ಮಹೀಂದ್ರ ಕಂಪನಿ 1947ರಿಂದ ಅಮೆರಿಕದ ವಿಲ್ಲೀಸ್ ಜೀಪುಗಳನ್ನು ಮುಂಬೈಯಲ್ಲಿ ಜೋಡಿಸತೊಡಗಿತು. ಈ ಭಾಗದ ಹಳ್ಳಿಗಳಿಗೆ ಜೀಪು ಬಹುಮಟ್ಟಿಗೆ ಸರ್ಕಾರದ ಗಾಡಿಯಾಗಿಯೇ ಪರಿಚಯ. ತಹಶೀಲ್ದಾರರು, ಅರಣ್ಯಾಧಿಕಾರಿಗಳು, ಮಲಪ್ರಭಾ ಕಾಲುವೆಯ ಎಂಜಿನಿಯರುಗಳು, ಕಾಳಿ ವಿದ್ಯುತ್ ಯೋಜನೆಯವರು, ಎಲ್ಲರೂ ಓಡಾಡಿದ್ದು ಅದರಲ್ಲೇ. ಇಲಾಖೆಗಳು ಓಡಿಸಿ ಸಾಕಾದ ಮೇಲೆ ಹರಾಜು. ಹರಾಜಿನಲ್ಲಿ ಕೊಂಡವರು ರೈತರು, ಗುತ್ತಿಗೆದಾರರು, ಹಳಿಯಾಳ, ಜೋಯಿಡಾ ಕಡೆಯ ಜನ. ಹೀಗೆ ಸಾಹೇಬರ ಗಾಡಿ ಊರಿನ ಗಾಡಿಯಾಯಿತು. ಹೊಲಕ್ಕೆ ಗೊಬ್ಬರ ಹೊತ್ತಿತು, ಬಸ್ಸಿಲ್ಲದ ಊರುಗಳಿಂದ ಬಾಣಂತಿಯರನ್ನು ಆಸ್ಪತ್ರೆಗೆ ತಂದಿತು.

ಆರಂಭದ ಜೀಪುಗಳದ್ದು ಪೆಟ್ರೋಲ್ ಎಂಜಿನ್, ಕುಡಿಯುವುದು ವಿಪರೀತ. ಡೀಸೆಲ್ ಬೇಕೆಂದಾಗ ಮಹೀಂದ್ರ ಕಂಪನಿ ಕೈಹಾಕಿದ್ದು ತನ್ನದೇ ಬಳಗದ ಟ್ರ್ಯಾಕ್ಟರಿಗೆ. ಇಂಟರ್‌ನ್ಯಾಷನಲ್ ಬಿ-275 ಟ್ರ್ಯಾಕ್ಟರಿನ ಎಂಜಿನ್ನೇ ಜೀಪಿಗೂ ಬಂತು. ಮುಂದೆ ಅದರ ಬೋರ್ ಹಿಗ್ಗಿಸಿ, ಡೈರೆಕ್ಟ್ ಇಂಜೆಕ್ಷನ್ ಕೊಟ್ಟು ಮಾಡಿದ 2523 ಸಿಸಿಯ ಎಂಡಿಐ ಎಂಜಿನ್ ಕಮಾಂಡರ್, ಮಾರ್ಷಲ್, ಬೊಲೆರೊಗಳಲ್ಲಿ ಲಕ್ಷಾಂತರ ಕಿಲೋಮೀಟರ್ ಓಡಿತು. ಈ ವಂಶಾವಳಿ ಬರೀ ಕುತೂಹಲದ ಸಂಗತಿಯಲ್ಲ. ನವಲಗುಂದದಲ್ಲೋ ಕುಂದಗೋಳದಲ್ಲೋ ಟ್ರ್ಯಾಕ್ಟರ್ ಬಿಚ್ಚಿ ಪಳಗಿದ ಮಿಸ್ತ್ರಿಗೆ ಜೀಪಿನ ಬಾನೆಟ್ ಎತ್ತಿದಾಗ ಹೊಸದೇನೂ ಕಾಣುತ್ತಿರಲಿಲ್ಲ. ಎಂಜಿನ್ನೂ ಗೊತ್ತಿದ್ದದ್ದೇ, ಪಾನಾಗಳೂ ಅವೇ.

1980ರ ದಶಕದಲ್ಲಿ ಬಂದ ಎಂಎಂ 540ರದ್ದು ಬೇರೆ ಸ್ವಭಾವ. ಅದರೊಳಗಿನ 2112 ಸಿಸಿ ಎಂಜಿನ್ ಫ್ರಾನ್ಸಿನ ಪೂಜೊ ಕಂಪನಿಯ ಎಕ್ಸ್‌ಡಿಪಿ. ಸದ್ದು ಕಡಿಮೆ, ಓಟ ನಯ. ಆದರೆ ಚಳಿಗಾಲದ ಬೆಳಿಗ್ಗೆ ಹೀಟರ್ ಪ್ಲಗ್ ಕಾಯದೆ ಅದು ಏಳುವುದಿಲ್ಲ. ಬಿಸಿಯೇರಿತೆಂದರೆ ಹೆಡ್ ಗ್ಯಾಸ್ಕೆಟ್ಟಿನ ಚಿಂತೆ. ಎಂಡಿಐಗೆ ಹೀಟರಿನ ಹಂಗಿಲ್ಲ, ಗಡಗಡ ಸದ್ದು ಮಾತ್ರ ತಪ್ಪಿದ್ದಲ್ಲ. ಯಾವುದು ಒಳ್ಳೆಯದು ಎಂಬ ವಾದ ಜೀಪಿನವರು ಇಬ್ಬರು ಸೇರಿದಲ್ಲೆಲ್ಲ ನಡೆಯುತ್ತದೆ. ಕಾಡಿನ ಏರು ಹತ್ತುವವರು ಪೂಜೊ ಎನ್ನುತ್ತಾರೆ, ಭಾರ ಹೇರುವವರು ಎಂಡಿಐ ಎನ್ನುತ್ತಾರೆ.

ಇನ್ನು ಕೆಡುವ ಬಗೆ. ತಗ್ಗು-ದಿಬ್ಬದ ದಾರಿಯಲ್ಲಿ ಹೆಚ್ಚಾಗಿ ಮುರಿಯುವುದು ಪಾಟಾ, ಅಂದರೆ ಲೀಫ್ ಸ್ಪ್ರಿಂಗ್. ಮುರಿದರೆ ಆಕ್ಸಲ್ಲಿಗೂ ಚಾಸಿಗೂ ನಡುವೆ ಕಟ್ಟಿಗೆಯ ತುಂಡು ಕೊಟ್ಟು, ಹಗ್ಗದಲ್ಲಿ ಬಿಗಿದು, ನಿಧಾನವಾಗಿ ಊರು ಸೇರುತ್ತಾರೆ. ಡೀಸೆಲ್ ಪೈಪಿನಲ್ಲಿ ಗಾಳಿ ಹಿಡಿದರೆ ನಟ್ಟು ಸಡಿಲಿಸಿ, ಪಂಪು ಒತ್ತಿ, ನೊರೆ ನಿಲ್ಲುವವರೆಗೆ ಗಾಳಿ ತೆಗೆಯಬೇಕು; ಒಂದು ಪಾನಾ ಇದ್ದರೆ ಸಾಕು. ಹಿಂದಿನ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಹೋದರೆ ಶಾಫ್ಟನ್ನೇ ಬಿಚ್ಚಿ ಹಿಂದೆ ಹಾಕಿಕೊಂಡು, ಫೋರ್ ವೀಲ್ ಲಿವರ್ ಎಳೆದು, ಮುಂದಿನ ಗಾಲಿಗಳ ಬಲದಲ್ಲೇ ಮನೆಗೆ ಬರಬಹುದು. ಹಳೆಯ ಮೆಕ್ಯಾನಿಕಲ್ ಪಂಪಿನ ಡೀಸೆಲ್ ಎಂಜಿನ್ ಒಮ್ಮೆ ಶುರುವಾದರೆ ಬ್ಯಾಟರಿ ಸತ್ತರೂ ಓಡುತ್ತದೆ. ಅದನ್ನು ನಿಲ್ಲಿಸುವುದೂ ಕೀಲಿಯಿಂದಲ್ಲ, ವೈರು ಎಳೆದು.

ಎರಿ ಮಣ್ಣಿನಲ್ಲಿ ಮಾತ್ರ ಜೀಪಿನವರಿಗೂ ಗರ್ವವಿಲ್ಲ. ಟೈರಿನ ಹಲ್ಲುಗಳೆಲ್ಲ ಮಣ್ಣು ತುಂಬಿ ನುಣ್ಣಗಾದ ಮೇಲೆ ನಾಲ್ಕು ಗಾಲಿ ತಿರುಗಿದರೂ ಅಷ್ಟೇ, ಎರಡು ತಿರುಗಿದರೂ ಅಷ್ಟೇ. ಇಲ್ಲಿ ಸುಮಾರು ಒಂದು ಟನ್ ತೂಕದ ಮಾರುತಿ ಜಿಪ್ಸಿಯೇ ವಾಸಿ ಎನ್ನುವವರಿದ್ದಾರೆ. 1985ರಲ್ಲಿ ಬಂದ ಆ ಪೆಟ್ರೋಲ್ ಗಾಡಿ ಹಗುರವಾದ್ದರಿಂದ ಕಡಿಮೆ ಹೂಳುತ್ತದೆ. ಬೆಣ್ಣಿಹಳ್ಳ ತುಂಬಿ ಹರಿಯುವಾಗ ಯಾವ ಗಾಡಿಯನ್ನೂ ಇಳಿಸಬಾರದು ಎಂಬುದರಲ್ಲಿ ಮಾತ್ರ ಭಿನ್ನಮತವಿಲ್ಲ. ಸಣ್ಣ ನೀರು ದಾಟಿ ಬಂದವರೂ ಬ್ರೇಕನ್ನು ಮೆಲ್ಲಗೆ ಒತ್ತುತ್ತ ಡ್ರಮ್ ಒಣಗಿಸಿಕೊಳ್ಳುತ್ತಾರೆ, ಮರುದಿನ ಆಕ್ಸಲ್ ಎಣ್ಣೆ ಹಾಲಿನಂತೆ ಬೆಳ್ಳಗಾಗಿದೆಯೇ ಎಂದು ನೋಡುತ್ತಾರೆ. ಬೆಳ್ಳಗಾಗಿದ್ದರೆ ನೀರು ಒಳಹೊಕ್ಕಿದೆ ಎಂದರ್ಥ.

ಗಾಡಿಯ ಈ ಆಯುಷ್ಯದಲ್ಲಿ ಕಂಪನಿಗೆ ಎಷ್ಟು ಪಾಲೋ ಊರಿಗೂ ಅಷ್ಟೇ ಪಾಲು. ಹುಬ್ಬಳ್ಳಿ ಮೊದಲಿನಿಂದಲೂ ಗಾಲಿಗಳ ಊರು. 1976ರಲ್ಲಿ ಒಂದೇ ಲಾರಿಯಿಂದ ಆರಂಭವಾದ ವಿಆರ್‌ಎಲ್ ಬೆಳೆದು ದೊಡ್ಡದಾದದ್ದು ಇಲ್ಲಿ, ವಾಯವ್ಯ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿ ಇಲ್ಲಿ, ಪಕ್ಕದ ಧಾರವಾಡದಲ್ಲಿ ಟಾಟಾ ಬಸ್ಸಿನ ಕಾರ್ಖಾನೆ. ಲಾರಿ, ಬಸ್ಸುಗಳನ್ನು ನಂಬಿ ಬೆಳೆದ ಪಿ.ಬಿ. ರಸ್ತೆಯ ಬಿಡಿಭಾಗದ ಅಂಗಡಿಗಳು, ಲೇತ್‌ಗಳು, ಪಾಟಾ ಕಟ್ಟುವವರು, ಪಂಪು ಕ್ಯಾಲಿಬ್ರೇಶನ್ ಮಾಡುವವರು ಜೀಪಿಗೂ ಒದಗಿದರು. ಬೆಂಗಳೂರಿನ ಮೈಕೊ ಕಾರ್ಖಾನೆಯ ಇಂಧನ ಪಂಪುಗಳನ್ನು ಬಿಚ್ಚಿ ಜೋಡಿಸಬಲ್ಲವರು ಇಲ್ಲಿ ಒಬ್ಬಿಬ್ಬರಲ್ಲ. ಸಿಗದ ಬುಷ್ಷನ್ನು ಲೇತಿನಲ್ಲಿ ಕಡೆಸಿಕೊಳ್ಳಬಹುದು. ‘ಬೋರ್ ಹೊಡೆಸಿ’ ಹೊಸ ಪಿಸ್ಟನ್ ಕೂಡಿಸಿದರೆ ಎಂಜಿನ್ನಿಗೆ ಎರಡನೆಯ ಜನ್ಮ.

2010ರಲ್ಲಿ ಮಹೀಂದ್ರದ ಥಾರ್ ಬಂದಾಗ ಮಾಲೀಕರು ಎರಡು ಪಂಗಡವಾದರು. ಆ ಗಾಡಿಯ ಡಿಐ ಮಾದರಿಯಲ್ಲಿ ಹಳೆಯ 2523 ಸಿಸಿ ಎಂಜಿನ್ನೇ ಇತ್ತು; ಸಿಆರ್‌ಡಿಇ ಮಾದರಿಯಲ್ಲಿ 105 ಅಶ್ವಶಕ್ತಿಯ ಕಾಮನ್ ರೈಲ್ ಎಂಜಿನ್. ಓಟದಲ್ಲಿ ಎರಡಕ್ಕೂ ಹೋಲಿಕೆಯೇ ಇಲ್ಲ. ಆದರೆ ಎರಡನೆಯದರ ಸೆನ್ಸರ್ ಕೆಟ್ಟರೆ ಕಟ್ಟಿಗೆ, ಹಗ್ಗ ಕೆಲಸಕ್ಕೆ ಬಾರವು, ಸ್ಕ್ಯಾನರ್ ಬೇಕು. 2020ರ ಅಕ್ಟೋಬರಿನಲ್ಲಿ ಮಾರುಕಟ್ಟೆಗೆ ಬಂದ ಹೊಸ ಥಾರ್ ಇನ್ನೂ ಮುಂದೆ ಹೋಯಿತು: 650 ಮಿಲಿಮೀಟರ್ ಆಳದ ನೀರಿನಲ್ಲಿ ನಡೆಯಬಲ್ಲದು, ಗ್ಲೋಬಲ್ ಎನ್‌ಕ್ಯಾಪ್ ಅಪಘಾತ ಪರೀಕ್ಷೆಯಲ್ಲಿ ನಾಲ್ಕು ತಾರೆ ಪಡೆದಿದೆ. ಹಳೆಯ ಜೀಪಿನ ಅಭಿಮಾನಿಗಳು ಸಾಮಾನ್ಯವಾಗಿ ಮಾತು ಬದಲಿಸುವುದು ಈ ಸುರಕ್ಷತೆಯ ವಿಷಯಕ್ಕೆ ಬಂದಾಗ. ಬಾಗಿಲಿಲ್ಲದ, ಏರ್‌ಬ್ಯಾಗ್ ಇಲ್ಲದ ಗಾಡಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೆದ್ದಾರಿಗೆ ಹೋಗಬೇಕೇ ಎಂಬ ಪ್ರಶ್ನೆಗೆ ಅವರ ಬಳಿ ಉತ್ತರವಿಲ್ಲ.

ಹೊಸದೆಂದ ಮಾತ್ರಕ್ಕೆ ತೊಂದರೆ ತಪ್ಪುವುದಿಲ್ಲ. 2020ರ ಸೆಪ್ಟೆಂಬರ್ 7ರಿಂದ ಡಿಸೆಂಬರ್ 25ರ ನಡುವೆ ತಯಾರಾದ 1577 ಡೀಸೆಲ್ ಥಾರ್‌ಗಳ ಕ್ಯಾಮ್‌ಶಾಫ್ಟ್ ತಪಾಸಣೆಗೆ ಕಂಪನಿಯೇ ಗಾಡಿಗಳನ್ನು ಮರಳಿ ಕರೆಯಿತು. ಬಿಎಸ್-6 ಡೀಸೆಲ್ ಗಾಡಿಗಳ ಹೊಗೆನಳಿಗೆಯಲ್ಲಿರುವ ಮಸಿ ಶೋಧಕಕ್ಕೆ ಪೇಟೆಯೊಳಗಿನ ತುಂಡು ಓಟ ಆಗಿಬರದು. ಆಗಾಗ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿಸಿದರೆ ಮಸಿ ಸುಟ್ಟು ಹಗುರಾಗುತ್ತದೆ. ದಾಂಡೇಲಿಗೆ ವಾರಕ್ಕೊಮ್ಮೆ ಹೋಗಿಬರುವವರಿಗೆ ಇದು ತೊಂದರೆಯೇ ಅಲ್ಲ. ಮನೆಯಿಂದ ಮಾರುಕಟ್ಟೆಗಷ್ಟೇ ಥಾರ್ ತೆಗೆಯುವವರಿಗೆ ತೊಂದರೆ.

ಹಳೆಯ ಜೀಪಿನ ಪೂರೈಕೆ ಮಾತ್ರ ಬತ್ತುತ್ತಿದೆ. ಹದಿನೈದು ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿಯನ್ನು ರದ್ದುಮಾಡಿ ಗುಜರಿ ಕೇಂದ್ರಕ್ಕೆ ಕಳಿಸಬೇಕೆಂಬ ಕೇಂದ್ರದ ನಿಯಮ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಇಲಾಖೆಯ ಹರಾಜಿನಿಂದ ರೈತನ ಅಂಗಳಕ್ಕೆ ಬರುತ್ತಿದ್ದ ದಾರಿ ಅಲ್ಲಿಗೆ ಮುಚ್ಚಿತು. ಈಗ ಕೈಬದಲಾಗುತ್ತಿರುವುದು ಖಾಸಗಿಯವರ ಬಳಿ ಉಳಿದ ಗಾಡಿಗಳಷ್ಟೇ.

ಅಂಥದ್ದೊಂದನ್ನು ಕೊಳ್ಳುವ ಮನಸ್ಸಿದ್ದರೆ ಬಣ್ಣ, ಟೈರು ನೋಡಿ ಮರುಳಾಗಬೇಡಿ. ಎಂಜಿನ್ ಓಡುತ್ತಿರುವಾಗ ಎಣ್ಣೆ ಹಾಕುವ ಮುಚ್ಚಳ ತೆಗೆಸಿ; ಬುಸುಬುಸು ಹೊಗೆ ಉಗುಳಿದರೆ ‘ಬ್ಯಾಕ್ ಕಂಪ್ರೆಶನ್’, ಅಂದರೆ ರಿಂಗು ಸವೆದಿದೆ. ಮ್ಯಾಟ್ ಎತ್ತಿ ತಳದ ತಗಡು ನೋಡಿ, ಲೋ ಗೇರಿನಲ್ಲಿ ಮಣ್ಣಿನ ಮೇಲೆ ಓಡಿಸಿ. ಚಾಸಿ ನಂಬರು ಆರ್‌ಸಿಗೆ ತಾಳೆಯಾಗಬೇಕು, ಹದಿನೈದು ವರ್ಷ ದಾಟಿದ್ದರೆ ಐದು ವರ್ಷಕ್ಕೊಮ್ಮೆಯ ನವೀಕರಣ ಆಗಿರಬೇಕು. ಮೂಲ ಮಾದರಿಯನ್ನು ಮನಬಂದಂತೆ ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲೇ ಹೇಳಿರುವುದರಿಂದ, ಎಂಜಿನ್ ಬದಲಿಸಿದ ಗಾಡಿಯಾದರೆ ಅದಕ್ಕೆ ಆರ್‌ಟಿಒ ಒಪ್ಪಿಗೆಯ ಕಾಗದ ಕೇಳಿ. ಮುಂಗಡ ಕೊಡುವ ಮೊದಲು ಜೀಪು ಬಲ್ಲ ಮಿಸ್ತ್ರಿಯೊಬ್ಬನನ್ನು ಜೊತೆಗೆ ಕರೆದೊಯ್ಯಿರಿ. ಮುಂದೆ ಗಾಡಿಯನ್ನು ನಡೆಸಿಕೊಂಡು ಹೋಗಬೇಕಾದವನು ನಿಮ್ಮಷ್ಟೇ ಅವನೂ ಹೌದು.