ಕಾವಲೋ, ಬೀಳೋ?

ಊರಾಚೆಯ ಹುಲ್ಲುನೆಲಕ್ಕೆ ನಮ್ಮಲ್ಲಿ ಎರಡು ಹೆಸರುಗಳುಂಟು. ಉತ್ತು ಬಿತ್ತುವ ಲೆಕ್ಕಾಚಾರದವರು ಅದನ್ನು ‘ಬೀಳು’ ಎನ್ನುತ್ತಾರೆ; ದನ ಕಾಯುವವರು ‘ಕಾವಲು’ ಎನ್ನುತ್ತಾರೆ. ಮೊದಲನೆಯ ಮಾತಿನಲ್ಲಿ ನಿರುಪಯೋಗವಾಗಿ ಬಿದ್ದಿರುವುದೆಂಬ ಧ್ವನಿಯಿದೆ; ಎರಡನೆಯದರಲ್ಲಿ ಕಾದುಕೊಳ್ಳಬೇಕಾದುದೆಂಬ ಎಚ್ಚರವಿದೆ. ಈ ಎರಡರಲ್ಲಿ ಯಾವುದು ಸತ್ಯಕ್ಕೆ ಹತ್ತಿರವೆಂಬುದನ್ನು ಜೀವವಿಜ್ಞಾನದ ಬೆಳಕಿನಲ್ಲಿ ನೋಡುವುದು ಉಚಿತ.

1935ರಲ್ಲಿ ಇಂಗ್ಲೆಂಡಿನ ಸಸ್ಯಶಾಸ್ತ್ರಜ್ಞ ಆರ್ಥರ್ ಟ್ಯಾನ್ಸ್ಲಿ ‘ಇಕೋಸಿಸ್ಟಮ್’ ಎಂಬ ಪದವನ್ನು ತನ್ನ ಲೇಖನವೊಂದರಲ್ಲಿ ಬಳಸಿದನು. ನಾವು ಅದನ್ನು ‘ಪರಿಸರ ವ್ಯವಸ್ಥೆ’ ಎನ್ನುತ್ತೇವೆ. ಗಿಡ, ಮೃಗ, ಕ್ರಿಮಿಗಳಷ್ಟೇ ಅಲ್ಲ, ಅವು ನಿಂತ ಮಣ್ಣು, ಕುಡಿಯುವ ನೀರು, ಬೀಳುವ ಬಿಸಿಲು ಎಲ್ಲವೂ ಸೇರಿ ಒಂದೇ ವ್ಯವಸ್ಥೆ ಎಂಬುದು ಆತನ ಅಭಿಪ್ರಾಯ. ಅಮೆರಿಕದ ರೇಮಂಡ್ ಲಿಂಡೆಮನ್, ಮಿನೆಸೋಟದ ಪುಟ್ಟ ಸರೋವರವೊಂದನ್ನು ಅಭ್ಯಾಸ ಮಾಡಿ, ಅಲ್ಲಿ ಬಿಸಿಲಿನ ಶಕ್ತಿ ಜೀವಿಯಿಂದ ಜೀವಿಗೆ ಸಾಗುವ ಕ್ರಮವನ್ನು ವಿವರಿಸಿದನು. 1942ರಲ್ಲಿ ಆ ಲೇಖನ ಅಚ್ಚಾಗುವ ಮೊದಲೇ, 26ರ ಹರೆಯದಲ್ಲಿ, ಆತ ತೀರಿಕೊಂಡಿದ್ದನು. ಒಂದು ಮೆಟ್ಟಿಲಿನ ಶಕ್ತಿಯಲ್ಲಿ ಸ್ಥೂಲವಾಗಿ ಹತ್ತರಲ್ಲೊಂದು ಪಾಲು ಮಾತ್ರ ಮೇಲಿನ ಮೆಟ್ಟಿಲಿಗೆ ದಕ್ಕುತ್ತದೆಂದು ಇಂದು ಪಾಠ ಹೇಳುತ್ತೇವೆ. ಆದುದರಿಂದಲೇ ನಮ್ಮ ಬಯಲಿನಲ್ಲಿ ಹುಲ್ಲು ಅಪಾರ, ಕೃಷ್ಣಮೃಗ ಕೆಲವು, ತೋಳ ಅತಿ ವಿರಳ.

ಭೂಮಂಡಲದ ಇಂತಹ ವ್ಯವಸ್ಥೆಗಳನ್ನು ವಿದ್ವಾಂಸರು ಕೆಲವು ದೊಡ್ಡ ಜೀವವಲಯಗಳಾಗಿ ವಿಂಗಡಿಸಿದ್ದಾರೆ. ಮುಖ್ಯವಾಗಿ ಮಳೆ ಮತ್ತು ಶಾಖಗಳೇ ಈ ವಿಂಗಡಣೆಯ ಸೂತ್ರಧಾರರು. ಉತ್ತರ ಧ್ರುವದ ಸುತ್ತ, ಹೆಪ್ಪುಗಟ್ಟಿದ ನೆಲದ ಮೇಲೆ ಪಾಚಿ, ಕಲ್ಲುಹೂವು, ಕುರುಚಲುಗಳ ಟಂಡ್ರ. ಅದರ ದಕ್ಷಿಣಕ್ಕೆ ಸೂಚಿಪರ್ಣಿ ಮರಗಳ ಟೈಗಾ. ಸಮಭಾಜಕ ವೃತ್ತದ ಬಳಿ ನಿತ್ಯಹರಿದ್ವರ್ಣದ ಕಾಡು. ಮಳೆ ಬತ್ತಿದಲ್ಲಿ ಮರುಭೂಮಿ. ಮಳೆ ಕೆಲವೇ ತಿಂಗಳು ಬಂದು ಉಳಿದ ಕಾಲವೆಲ್ಲ ಒಣಗುವಲ್ಲಿ ಹುಲ್ಲೂ ಚದುರಿದ ಮರಗಳೂ ಕೂಡಿದ ಸವನ್ನ. ಟಂಡ್ರದಲ್ಲಿ ಮರವಿಲ್ಲವೆಂದು ಅದನ್ನು ಕೆಟ್ಟುಹೋದ ಕಾಡೆಂದು ಯಾರೂ ಕರೆಯುವುದಿಲ್ಲ. ಆದರೆ ಹುಲ್ಲುಗಾವಲಿಗೆ ಮಾತ್ರ ಈ ನ್ಯಾಯ ಸಲ್ಲದೆ ಹೋಗಿದೆ.

ಹುಲ್ಲು ಬಡತನದ ಗುರುತಲ್ಲ. ಅದರ ಬೆಳೆಯುವ ಮೊಗ್ಗು ಬುಡದಲ್ಲಿ, ನೆಲಕ್ಕೆ ಅಂಟಿಕೊಂಡಂತೆ ಇರುತ್ತದೆ. ಆದುದರಿಂದ ಬೆಂಕಿ ಸುಟ್ಟರೂ ದನ ಮೇದರೂ ಅದು ಮತ್ತೆ ಚಿಗುರಬಲ್ಲುದು. ಮರದ ಎಳೆಯ ಸಸಿಗಾದರೋ ಆ ಪೆಟ್ಟುಗಳನ್ನು ತಾಳಿಕೊಳ್ಳುವುದು ಕಷ್ಟ. ಅಲ್ಲಿ ಮರಗಳು ಕಡಿಮೆಯಿರುವುದಕ್ಕೆ ಇದೊಂದು ಮುಖ್ಯ ಕಾರಣ. ಮೇಲಾಗಿ, ಆ ನೆಲದ ಸಿರಿಯ ಬಹುಭಾಗ ಕಣ್ಣಿಗೆ ಕಾಣದಂತೆ ಬೇರುಗಳಲ್ಲಿಯೂ ಮಣ್ಣಿನಲ್ಲಿಯೂ ಅಡಗಿದೆ.

ಇದನ್ನು ಅರಿಯದೆ ಮಾಡಿದ ಉಪಕಾರವೂ ಅಪಕಾರವಾಗಬಹುದು. ಕೃಷ್ಣಮೃಗಗಳ ರಕ್ಷಣೆಗಾಗಿ 1974ರಲ್ಲಿ ಅಭಯಾರಣ್ಯವಾದ ರಾಣೆಬೆನ್ನೂರಿನಲ್ಲಿ ನೀಲಗಿರಿಯ ನೆಡುತೋಪುಗಳು ಹರಡಿಕೊಂಡಿವೆ. ದೂರದ ನೋಟವನ್ನೂ ಓಟದ ವೇಗವನ್ನೂ ನಂಬಿ ಬದುಕುವ ಆ ಮೃಗಕ್ಕೆ ಒತ್ತಾದ ಮರಗಳು ಆಶ್ರಯವಲ್ಲ, ಅಡ್ಡಿ. ಒಂದು ಕಾಲದಲ್ಲಿ ಅಲ್ಲಿ ಕಾಣುತ್ತಿದ್ದ ಎರೆಭೂತವೆಂಬ ಹಿರಿಯ ಹಕ್ಕಿ ಬಯಲ ನೆಲದ ಮೇಲೆಯೇ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಡುತ್ತದೆ. ಇಂದು ಕಾಡುಮೇಡುಗಳಲ್ಲಿ ಉಳಿದಿರುವುದು ಸುಮಾರು 150 ಮಾತ್ರವೆಂದು ಅಂದಾಜು. ಇತ್ತ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ, ಮೈಸೂರು ಸಂಸ್ಥಾನದ ಕಾಲದಿಂದ ಅಮೃತಮಹಲ್ ದನಗಳಿಗೆಂದು ಕಾದಿರಿಸಿದ್ದ ಕಾವಲುಗಳ ಸಾವಿರಾರು ಎಕರೆ ಈ ಶತಮಾನದಲ್ಲಿ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳ ಪಾಲಾಯಿತು. ದೇಶಕ್ಕೆ ಅಂತಹ ಸಂಸ್ಥೆಗಳು ಬೇಕು, ನಿಜ. ಆದರೆ ಆ ನೆಲ ಬರಿದಾಗಿತ್ತೆಂದು ತಿಳಿದು ಕೊಡುವುದು ಬೇರೆ, ಅಲ್ಲಿನ ಹುಲ್ಲು, ಕುರಿ, ಮೃಗ, ಮನುಷ್ಯರ ಲೆಕ್ಕವನ್ನಿಟ್ಟು ತೂಗಿನೋಡುವುದು ಬೇರೆ.

ಗಿಡ ನೆಡುವುದು ಪುಣ್ಯಕಾರ್ಯವೆಂದು ಶಾಲೆಗಳಲ್ಲಿ ಕಲಿಸುತ್ತೇವೆ, ಕಲಿಸಬೇಕಾದುದೇ. ಅದರೊಡನೆ, ಎಲ್ಲಿ ನೆಡಬಾರದೆಂಬುದನ್ನೂ ಕಲಿಸಬೇಕು. ಕಾಡು ಕಾಡಾಗಿ, ಬಯಲು ಬಯಲಾಗಿ ಉಳಿದಾಗಲೇ ನಾಡಿಗೆ ಕ್ಷೇಮ. ಹಿಂದಿನವರು ಆ ಹುಲ್ಲಿಗೆ ‘ಕಾವಲು’ ಎಂದು ಹೆಸರಿಟ್ಟುಹೋದರು. ಆ ಹೆಸರು ನಮಗೆ ವಹಿಸಿದ ಕೆಲಸವೂ ಹೌದು.