ಸಾಯಿಸುವ ಮೊದಲು ಕಲಿಸುವ ಸ್ಟೇಜ್

ನಿಂಟೆಂಡೊದ ‘ಸೂಪರ್ ಮಾರಿಯೋ ಬ್ರದರ್ಸ್’ ಆಡಿದವರಿಗೆ 1-4ರ, ಅಂದರೆ ಮೊದಲ ಲೋಕದ ನಾಲ್ಕನೇ ಸ್ಟೇಜಿನ, ಕೋಟೆಯೂ ಗೊತ್ತು, 6-4ರ ಕೋಟೆಯೂ ಗೊತ್ತು. ಎರಡೂ ಒಂದೇ ಕೋಟೆ ಎಂಬುದು ಮಾತ್ರ ಎಷ್ಟೋ ಮಂದಿಯ ಗಮನಕ್ಕೆ ಬಂದಿರುವುದಿಲ್ಲ. ನಕ್ಷೆಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿ: ಗೋಡೆ, ಹೊಂಡ, ಕೊನೆಯ ಸೇತುವೆ ಎಲ್ಲವೂ ಇದ್ದಲ್ಲೇ ಇವೆ. ಸುತ್ತುವ ಬೆಂಕಿಸರಳುಗಳು ಹೆಚ್ಚಾಗಿವೆ, ಖಳನಾಯಕ ಬೌಸರ್ ಸುತ್ತಿಗೆ ಎಸೆಯುತ್ತಾನೆ, ಮುಖ್ಯ ಬದಲಾವಣೆ ಇಷ್ಟೇ. 1-3 ಎಂಬುದು 5-3 ಆಗಿ ಮರಳುತ್ತದೆ. ಅಲ್ಲಿ ಲಿಫ್ಟುಗಳು ಗಿಡ್ಡವಾಗಿವೆ, ಜತೆಗೆ ಗುಂಡುಗಳು ಹಾರಿ ಬರುತ್ತವೆ. 2-4 ಮುಂದೆ 5-4 ಆಗುತ್ತದೆ, ನೀರಿನೊಳಗಿನ 2-2 ಮುಂದೆ 7-2 ಆಗುತ್ತದೆ, ಮೀನುಗಳು ನೆಗೆಯುವ 2-3ರ ಸೇತುವೆ 7-3ರಲ್ಲಿ ಮತ್ತೆ ಎದುರಾಗುತ್ತದೆ. ಒಟ್ಟು 32 ಸ್ಟೇಜ್‌ಗಳಲ್ಲಿ ಐದು ಹೀಗೆ ಹಳೆಯವೇ. ಪಕ್ಕಕ್ಕೆ ಸರಿಯುತ್ತಾ ಹೋಗುವ ಹಳೆಯ ಆಟಗಳ ಕಷ್ಟದ ಬಗ್ಗೆ ಹೇಳಬೇಕಾದ ಮುಖ್ಯ ಮಾತೆಲ್ಲ ಈ ಐದು ಸ್ಟೇಜ್‌ಗಳಲ್ಲೇ ಇದೆ.

ಇದು ವಿನ್ಯಾಸವಲ್ಲ, ಬರೀ ಜಾಗದ ಕೊರತೆ ಎಂದು ಯಾರಾದರೂ ಹೇಳಬಹುದು. 1985ರ ಆ ಕಾರ್ಟ್ರಿಡ್ಜ್‌ನಲ್ಲಿ ಇದ್ದದ್ದೇ 40 ಕಿಲೋಬೈಟ್. ಈಗ ಮೊಬೈಲಿನಲ್ಲಿ ತೆಗೆಯುವ ಒಂದು ಫೋಟೋ ಅದರ ಹಲವು ಪಟ್ಟು ದೊಡ್ಡದು. ಕೊರತೆ ಇದ್ದದ್ದು ನಿಜ. ಆದರೆ ಆಟದ ವಿನ್ಯಾಸಕರಾದ ಶಿಗೆರು ಮಿಯಾಮೊಟೊ, ತಕಾಶಿ ತೆಜುಕಾ ಅದನ್ನು ಬಳಸಿಕೊಂಡ ರೀತಿಯನ್ನು ಗಮನಿಸಬೇಕು. ಆಟಗಾರ 1-4ರ ಕೋಟೆಯನ್ನು ಒಮ್ಮೆ ದಾಟಿದ ಮೇಲೆ, ಎಷ್ಟೋ ಸ್ಟೇಜ್ ಕಳೆದು, ಅದೇ ಕೋಟೆ ಕಠಿಣವಾಗಿ ಬರುತ್ತದೆ. ದಾರಿ ಕಾಲಿಗೆ ಗೊತ್ತು, ಅಪಾಯ ಮಾತ್ರ ಹೊಸದು. ಹಾಗಾಗಿ ಅಲ್ಲಿ ಸತ್ತವನಿಗೆ ತಾನು ಸತ್ತದ್ದು ಏಕೆ ಎಂಬ ಗೊಂದಲ ಇರುವುದಿಲ್ಲ. ಒಳ್ಳೆಯ ಕಷ್ಟಕ್ಕೂ ಅನ್ಯಾಯಕ್ಕೂ ಇರುವ ಗೆರೆ ಇದೇ. ಎಷ್ಟು ಸಲ ಸತ್ತೆವು ಎನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ಸಾಯಿಸುವ ಮೊದಲು ಸ್ಟೇಜ್ ಕಲಿಸಿತ್ತೇ ಎಂಬುದೇ ಪ್ರಶ್ನೆ. ಮೊದಲ ಸ್ಟೇಜ್ 1-1ರ ಕೊನೆಯ ಭಾಗದಲ್ಲೇ ಇದಕ್ಕೊಂದು ಸಣ್ಣ ಸಾಕ್ಷಿಯಿದೆ. ಎದುರುಬದುರಾಗಿ ನಿಂತ ಮೆಟ್ಟಿಲುಗಳ ಒಂದು ಜೋಡಿ ಬರುತ್ತದೆ, ನಡುವೆ ನೆಲವಿದೆ. ಜಾರಿ ಬಿದ್ದರೆ ಏನೂ ಆಗುವುದಿಲ್ಲ, ಮತ್ತೆ ಹತ್ತಿ ಜಿಗಿಯಬಹುದು. ಸ್ವಲ್ಪ ಮುಂದೆ ಅಂಥದೇ ಇನ್ನೊಂದು ಜೋಡಿ, ಈ ಸಲ ನಡುವೆ ಹೊಂಡ. ಅಷ್ಟರಲ್ಲಿ ಜಿಗಿತದ ಅಳತೆ ಬೆರಳಿಗೆ ಹತ್ತಿರುತ್ತದೆ. ಪರದೆಯ ಮೇಲೆ ಒಂದಕ್ಷರದ ಸೂಚನೆಯೂ ಇಲ್ಲದೆ ಪಾಠ, ಅಭ್ಯಾಸ, ಪರೀಕ್ಷೆ ಮೂರೂ ಮುಗಿದುಹೋಗುತ್ತವೆ.

ಈ ವಾದಕ್ಕೆ ಬಲವಾದ ಪುರಾವೆ ಆಟ ಹುಟ್ಟಿದ ಜಪಾನಿನಲ್ಲಿಲ್ಲ, ನಮ್ಮಲ್ಲಿದೆ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಯಲಹಂಕ ಉಪನಗರ, ಆರ್.ಟಿ. ನಗರದಂಥ ಬಡಾವಣೆಗಳ ಮನೆಗಳಿಗೆ ‘ಟಿವಿ ವಿಡಿಯೋ ಗೇಮ್’ ಎಂದು ಬಂದ ಪೆಟ್ಟಿಗೆಗಳಲ್ಲಿ ಹೆಚ್ಚಿನವು ನಿಂಟೆಂಡೊ ಯಂತ್ರದ ನಕಲುಗಳು. ಆಟದ ಕೈಪಿಡಿ ಜತೆಗಿರುತ್ತಿರಲಿಲ್ಲ. ‘ಕ್ಯಾಸೆಟ್ಟು’ ಎಂದು ಕರೆಯುತ್ತಿದ್ದ ಕಾರ್ಟ್ರಿಡ್ಜ್‌ನ ಮೇಲಿನ ಹೆಸರೂ ಎಷ್ಟೋ ಸಲ ತಪ್ಪೇ. ಯಾವ ಬಟನ್ ಯಾವುದಕ್ಕೆ ಎಂದು ಕನ್ನಡದಲ್ಲಿ ಯಾರೂ ಬರೆದಿರಲಿಲ್ಲ. ಆದರೂ ಮಾರಿಯೋ, ಗುಂಡಿನ ಕಾಳಗದ ಆಟ ಕಾಂಟ್ರಾ ಮನೆಮಾತಾದವು. ಏಕೆಂದರೆ ಕಲಿಸುವ ಕೆಲಸವನ್ನು ಸ್ಟೇಜ್‌ಗಳೇ ಮಾಡುತ್ತಿದ್ದವು. ಅದೇ ಕ್ಯಾಸೆಟ್ಟುಗಳು ಉದ್ದೇಶವಿಲ್ಲದೆಯೇ ಇನ್ನೊಂದು ಪ್ರಯೋಗವನ್ನೂ ಮಾಡಿದವು. ಮೆನುವಿನಲ್ಲಿ ಸಾವಿರಗಟ್ಟಲೆ ಆಟ ಎಂದಿರುತ್ತಿತ್ತು, ಒಳಗೆ ಇರುತ್ತಿದ್ದದ್ದು ಬೆರಳೆಣಿಕೆಯಷ್ಟು. ಪಟ್ಟಿ ಉದ್ದ ಮಾಡಲು ಒಂದೇ ಆಟವನ್ನು ಬೇರೆ ಬೇರೆ ಸ್ಟೇಜ್‌ನಿಂದ ಶುರುವಾಗುವಂತೆ ತಿದ್ದಿ, ಬೇರೆ ಹೆಸರಿಟ್ಟು ತುಂಬುತ್ತಿದ್ದರು. ನೇರವಾಗಿ ನಡುವಿನ ಸ್ಟೇಜ್‌ನಲ್ಲಿ ಇಳಿದವನಿಗೆ ಆಟದ ನಿಯಮ, ಶತ್ರು, ಹೊಂಡ ಎಲ್ಲ ಮೂಲದಲ್ಲಿದ್ದಂತೆಯೇ ಸಿಗುತ್ತವೆ, ಪಾಠ ಮಾತ್ರ ಸಿಗುವುದಿಲ್ಲ. ಅಲ್ಲಿ ಆಟ ಕಷ್ಟ ಎನಿಸುವುದಿಲ್ಲ, ಮೋಸ ಎನಿಸುತ್ತದೆ. ಕಷ್ಟದ ರುಚಿ ಶತ್ರುಗಳ ಸಂಖ್ಯೆಯಲ್ಲಿಲ್ಲ, ಅವರನ್ನು ಪರಿಚಯಿಸುವ ಅನುಕ್ರಮದಲ್ಲಿದೆ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಪ್ರಯೋಗವನ್ನು ಯಾವ ವಿಶ್ವವಿದ್ಯಾಲಯವೂ ರೂಪಿಸಬೇಕಾಗಿಲ್ಲ.

ಹಳೆಯ ಆಟಗಳೆಲ್ಲ ಹೀಗೇ ನ್ಯಾಯವಾಗಿದ್ದವೇ? ಖಂಡಿತ ಇಲ್ಲ. ಆರ್ಕೇಡ್ ಯಂತ್ರಕ್ಕೆ ಬೇಕಾದದ್ದು ನಾಣ್ಯ, ಆಟಗಾರ ಬೇಗ ಸತ್ತಷ್ಟೂ ಲಾಭ. 1985ರ ‘ಘೋಸ್ಟ್ಸ್ ಎನ್ ಗಾಬ್ಲಿನ್ಸ್’ ಕೊನೆ ಮುಟ್ಟಿದವನನ್ನು ಮತ್ತೆ ಮೊದಲಿಂದ ಆಡು ಎಂದು ಕಳಿಸುತ್ತದೆ, ನಿಜವಾದ ಮುಕ್ತಾಯ ಕಾಣಬೇಕಾದರೆ ಎರಡು ಸಲ ಗೆಲ್ಲಬೇಕು. ನಾಣ್ಯ ಬೇಡದ ಮನೆಯ ಯಂತ್ರಗಳಲ್ಲೂ ಅನ್ಯಾಯವಿತ್ತು: 1988ರ ‘ನಿಂಜಾ ಗೈಡನ್’ನಲ್ಲಿ ಒಂದು ಹೆಜ್ಜೆ ಹಿಂದಿಟ್ಟರೆ ಸಾಕು, ಕೊಂದ ಶತ್ರು ಪರದೆಯ ಅಂಚಿನಿಂದ ಮತ್ತೆ ಬರುತ್ತಾನೆ. ಕೊನೆಯ 6-4ರಲ್ಲಿ ಸೋತವನನ್ನು 6-1ಕ್ಕೆ ಅಟ್ಟುತ್ತಾರೆ. ಗೊತ್ತಿರುವುದನ್ನೇ ಮತ್ತೆ ಮತ್ತೆ ಮಾಡಿಸುವ ಈ ಶಿಕ್ಷೆಯಿಂದ ಯಾರೂ ಏನೂ ಕಲಿಯುವುದಿಲ್ಲ. 1991ರ ‘ಬ್ಯಾಟಲ್‌ಟೋಡ್ಸ್’ ಆಟದ ಮೂರನೇ ಸ್ಟೇಜ್, ವಾಹನ ಏರಿ ಸುರಂಗದಲ್ಲಿ ಹೋಗುವುದು, ದಂತಕಥೆಯೇ ಆಗಿದೆ. ಗೋಡೆ ಬರುವ ಮುನ್ನ ಮಿನುಗಿ ಎಚ್ಚರಿಸುತ್ತದೆ ಎಂದು ಅದರ ಅಭಿಮಾನಿಗಳು ಸಮರ್ಥಿಸುತ್ತಾರೆ. ಸಮರ್ಥನೆ ಅರ್ಧ ಸರಿ. ವೇಗ ಏರಿದ ಮೇಲೆ ಆ ಎಚ್ಚರಿಕೆಗೆ ಬೆರಳು ಸ್ಪಂದಿಸುವಷ್ಟು ಸಮಯ ಉಳಿಯುವುದಿಲ್ಲ, ಕಂಠಪಾಠವೊಂದೇ ದಾರಿ. ಮಗ್ಗಿ ಒಪ್ಪಿಸುವುದು ಬೇರೆ, ಲೆಕ್ಕ ಬಿಡಿಸುವುದು ಬೇರೆ.

ಹಳೆಯದರ ಮೇಲಿನ ಮೋಹವೇ ಈ ಮಾತುಗಳನ್ನು ಆಡಿಸುತ್ತಿದೆ ಎಂಬ ಆಕ್ಷೇಪಕ್ಕೆ ಕಾಂಟ್ರಾ ಉತ್ತರ ಕೊಡುತ್ತದೆ. ಒಂದು ಗುಂಡು ತಾಗಿದರೆ ಒಂದು ಲೈಫ್ ಹೋಗುತ್ತದೆ. ಇಷ್ಟು ಕ್ರೂರ ಆಟ 30 ಲೈಫ್ ಕೊಡುವ ಗುಪ್ತ ಕೋಡ್ ಇದ್ದದ್ದರಿಂದಷ್ಟೇ ಉಳಿಯಿತು ಎನ್ನುವವರಿದ್ದಾರೆ. ಕೋಡ್ ಎಷ್ಟು ಲೈಫ್ ಕೊಟ್ಟರೂ ಗುಂಡಿನಿಂದ ತಪ್ಪಿಸಿಕೊಳ್ಳುವುದನ್ನು ಕಲಿಸಲಾರದು. ಕಾಂಟ್ರಾದಲ್ಲಿ ಗುಂಡು ಕಣ್ಣಿಗೆ ಕಾಣುವಷ್ಟು ನಿಧಾನವಾಗಿ ಬರುತ್ತದೆ, ಅದನ್ನು ಕಂಡು ಕುಳಿತೋ ಜಿಗಿದೋ ಪಾರಾಗಬಹುದು. ಅದರ ಜಲಪಾತದ ಸ್ಟೇಜ್‌ನಲ್ಲಿ ಇಬ್ಬರು ಆಡುವಾಗ, ಮೇಲಿನವನು ಆತುರದಿಂದ ಹತ್ತಿದರೆ ಪರದೆಯೂ ಜತೆಗೇ ಮೇಲೇರಿ ಕೆಳಗಿನವನು ಸಾಯುತ್ತಾನೆ. ಸಿಟ್ಟು ಬರಿಸುವ ನಿಯಮ, ಆದರೆ ತಕ್ಷಣ ಅರ್ಥವಾಗುವ ನಿಯಮ. ಮುಂದಿನ ಸಲ ಇಬ್ಬರೂ ಮಾತಾಡಿಕೊಂಡು ಹತ್ತುತ್ತಾರೆ.

ಈ ಚರ್ಚೆ ಬೆಂಗಳೂರಿಗೆ ಈಗ ಮುಖ್ಯ. ಗೇಮ್ ಉದ್ಯಮದಲ್ಲಿ ಈ ನಗರ ಹೊಸದೇನಲ್ಲ. 1997ರಲ್ಲಿ ಇಲ್ಲಿ ಶುರುವಾದ ಧ್ರುವ ಇಂಟರಾಕ್ಟಿವ್ ಹೊರದೇಶದ ಆಟಗಳಿಗೆ ಚಿತ್ರಕಲೆಯ ಕೆಲಸ ಮಾಡಿ ಹೆಸರಾಯಿತು, 2019ರಲ್ಲಿ ರಾಕ್‌ಸ್ಟಾರ್ ಗೇಮ್ಸ್ ಕಂಪನಿ ಅದನ್ನು ಕೊಂಡಿತು. ಯಶವಂತಪುರದ ಬಳಿಯ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಬೆಂಗಳೂರು ಕ್ಯಾಂಪಸ್ಸಿನಲ್ಲಿ ಡಿಜಿಟಲ್ ಗೇಮ್ ಡಿಸೈನ್ ಸ್ನಾತಕೋತ್ತರ ವಿಷಯ. ಚಿತ್ರ ಬರೆಯುವ ಕೈ ನಮ್ಮಲ್ಲಿ ಪಳಗಿದೆ. ಇನ್ನು ಪಳಗಬೇಕಾದದ್ದು ಸ್ಟೇಜ್ ಕಟ್ಟುವ ಬುದ್ಧಿ. ಇವತ್ತಿನ ಎಷ್ಟೋ ಆಟಗಳು ಮೊದಲ ಹತ್ತು ನಿಮಿಷ ಇಂಗ್ಲಿಷ್ ಸೂಚನೆಗಳನ್ನು ಓದಿಸುತ್ತವೆ. ಅಲ್ಲೇ ಕನ್ನಡ ಮಾತ್ರ ಬಲ್ಲ ಮಗು, ಓದು ಬಾರದ ಅಜ್ಜಿ ಇಬ್ಬರೂ ಆಟದಿಂದ ಹೊರಗುಳಿಯುತ್ತಾರೆ. ನಲವತ್ತು ಕಿಲೋಬೈಟಿನಲ್ಲಿ ಸಾಧ್ಯವಾದದ್ದು ಇವತ್ತಿನ ಯಂತ್ರಗಳಲ್ಲಿ ಅಸಾಧ್ಯವಾಗಬೇಕಿಲ್ಲ. ಇಲ್ಲಿ ಹೊಸ ಆಟ ಕಟ್ಟುವವರು ಮೊದಲ ಸ್ಟೇಜ್‌ನಿಂದ ಸೂಚನೆಗಳನ್ನೆಲ್ಲ ಅಳಿಸಿ, ಆಟ ಆಡಿಯೇ ಗೊತ್ತಿಲ್ಲದ ಒಬ್ಬರ ಕೈಗೆ ಕೊಟ್ಟು ನೋಡಲಿ. ಸತ್ತಾಗ ಆ ವ್ಯಕ್ತಿ ಕಾರಣವನ್ನು ತಾನೇ ಹೇಳಿದರೆ ಸ್ಟೇಜ್ ಪಾಸು. ಹೇಳಲಾಗದಿದ್ದರೆ ತಿದ್ದಬೇಕಾದದ್ದು ಸ್ಟೇಜನ್ನು, ಆಟಗಾರನನ್ನಲ್ಲ.